ಪುಣೆಯಲ್ಲಿ ಹಿತ್ತಲ ಕೋಳಿ ಸಾಕುವುದು, ಮಾರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾಯರಿಯಲ್ಲಿ ನಮ್ಮ ಮನೆ ಹಿಂದೆ ಏಳು ಹ್ಯಾಂಟೆಗಳಿವೆ, ಅಂದರೆ ಹೆಣ್ಣು ಕೋಳಿಗಳು. ನಾವು ಬಿಜಾಪುರ ಕಡೆಯವರು. ಹಿತ್ತಲಲ್ಲಿ ಕೋಳಿ ಕಂಡರೆ ಸಾಕು, ದಾರಿಯಲ್ಲಿ ಹೋಗುವ ಕನ್ನಡದವರು ನಿಂತು ಮಾತಾಡಿಸುತ್ತಾರೆ. "ಇಲ್ಲಿ ಸಾಕೋಕೆ ಬಿಡ್ತಾರಾ? ಪರ್ಮಿಷನ್ ತಗೊಂಡ್ರಾ? ತತ್ತಿ ಮಾರ್ತೀರಾ?" ಕಾತ್ರಜ್‌ನಿಂದ, ಹಡಪ್ಸರ್‌ನಿಂದ, ವಾಘೋಲಿಯಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಎಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಊರಲ್ಲಿ ಕೋಳಿ ಸಾಕಿ ಬೆಳೆದವರಿಗೆ ಸಾಕುವ ವಿದ್ಯೆ ಬೇರೆ ಹೇಳಿಕೊಡಬೇಕಾಗಿಲ್ಲ. ಆದರೆ ಊರಿನ ಹಿತ್ತಲಿಗೂ ಪುಣೆಯ ಹಿತ್ತಲಿಗೂ ಒಂದು ವ್ಯತ್ಯಾಸ ಇದೆ. ಇಲ್ಲಿ ಗೋಡೆಯ ಆಚೆಗೇ ಇನ್ನೊಬ್ಬರ ಬೆಡ್‌ರೂಮ್ ಇರುತ್ತದೆ. ನಿಯಮಗಳ ಮುಕ್ಕಾಲು ಭಾಗ ಹುಟ್ಟಿರುವುದೇ ಅಲ್ಲಿಂದ.

ಪುಣೆ ಪಾಲಿಕೆ ಹದ್ದಿನೊಳಗೆ ಮನೆಯಲ್ಲಿ ಕೋಳಿ ಸಾಕಬಹುದಾ?

ಸಾಕಬಹುದು. ಪುಣೆ ಮಹಾನಗರ ಪಾಲಿಕೆಗೂ ಪಿಂಪ್ರಿ ಚಿಂಚ್ವಡ್‌ಗೂ ಅನ್ವಯಿಸುವುದು 1949ರ ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯ್ದೆ. ಮುಂಬೈಗೆ ಬೇರೆ, 1888ರ ಹಳೇ ಕಾಯ್ದೆ. ಮುಂಬೈಯಲ್ಲಿ ಹಂದಿ ಸಾಕಬೇಕಾದರೆ ಕಮಿಷನರ್ ಅವರ ಲಿಖಿತ ಅನುಮತಿ ಮೊದಲೇ ಬೇಕು. ಉಳಿದ ಪ್ರಾಣಿಗಳ ಬಗ್ಗೆ ಅಲ್ಲಿ ಇರುವ ಮಾತು ಇಷ್ಟೇ: ನೀವು ಸಾಕಿದ್ದರಿಂದ ಬೇರೆಯವರಿಗೆ ಉಪದ್ರವ ಆಗಬಾರದು, ಅಪಾಯ ಆಗಬಾರದು. ಪುಣೆಯಲ್ಲೂ ಅಧಿಕಾರಿಗಳು ನೋಡುವುದು ಇದನ್ನೇ. ಕೋಳಿ ಇದೆ ಅನ್ನುವುದು ತಪ್ಪಲ್ಲ. ವಾಸನೆ, ಸದ್ದು, ನೊಣ, ಕೊಳಕು, ಇವು ತಪ್ಪು.

ಮನೆಗೆ ಮೊಟ್ಟೆ ಬೇಕು ಅಂತ ನಾಲ್ಕಾರು ಕೋಳಿ ಇಡುವುದು ಬೇರೆ, ವ್ಯಾಪಾರ ಮಾಡುವುದು ಬೇರೆ. ವ್ಯಾಪಾರ ಅಂದಕೂಡಲೇ ಪರವಾನಗಿಯ ಮಾತು ಬರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು. ಕ್ಯಾಂಪ್, ಖಡಕಿ, ದೇಹು ರೋಡ್ ಕಡೆ ಇರುವವರು ಪಾಲಿಕೆಯನ್ನು ಕೇಳಿ ಉಪಯೋಗವಿಲ್ಲ. ಅವು ಕಂಟೋನ್ಮೆಂಟ್ ಪ್ರದೇಶಗಳು. ಅಲ್ಲಿ 2006ರ ಕಂಟೋನ್ಮೆಂಟ್ ಕಾಯ್ದೆ ಇದೆ. ಬೋರ್ಡಿನ ಆಫೀಸಿಗೇ ಹೋಗಿ ಕೇಳಿ.

ನಮ್ಮದು ಮೊದಲು ಹಳ್ಳಿ ಆಗಿತ್ತು, ಈಗ ಪಾಲಿಕೆಗೆ ಸೇರಿದೆ. ಹಳೇ ಕೋಳಿಗೂಡು ಹಾಗೇ ಇರಬಹುದಾ?

ಈ ಪ್ರಶ್ನೆ ನನ್ನದೂ ಹೌದು. ಧಾಯರಿ, ಆಂಬೇಗಾವ್, ಉಂಡ್ರಿ, ಲೋಹಗಾವ್ ಮುಂತಾದ 11 ಹಳ್ಳಿಗಳು 2017ರಲ್ಲಿ ಪುಣೆ ಪಾಲಿಕೆಗೆ ಸೇರಿದವು. 2021ರಲ್ಲಿ ಇನ್ನೂ 23 ಬಂದವು. ವಾಘೋಲಿ, ನರ್‍ಹೆ, ಸೂಸ್, ಮಹಾಳುಂಗೆ, ಖಡಕ್‌ವಾಸಲಾ, ಮಾಂಜರಿ ಎಲ್ಲ ಆಗ ಸೇರಿದ್ದು. ಮೊದಲು ಸರಪಂಚರ ಹತ್ತಿರ ಮಾತಾಡಿದರೆ ಮುಗಿಯುತ್ತಿತ್ತು. ಈಗ ದೂರು ಬಂದರೆ ಅದು ಪಾಲಿಕೆಯ ಕ್ಷೇತ್ರೀಯ ಕಾರ್ಯಾಲಯಕ್ಕೆ ಹೋಗುತ್ತದೆ.

ಗೂಡು ಹಳೆಯದು ಅನ್ನುವ ಕಾರಣಕ್ಕೆ ವಿನಾಯಿತಿ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ನಿಮ್ಮ ಗೂಡು ಇದ್ದಲ್ಲೇ ಇದೆ, ಆದರೆ ಸುತ್ತ ಏಳು ಮಹಡಿಯ ಕಟ್ಟಡಗಳು ಎದ್ದಿವೆ. ಹೊಸದಾಗಿ ಬಂದವರಿಗೂ ನೆಮ್ಮದಿಯಿಂದ ಇರುವ ಹಕ್ಕಿದೆ. ನಾವೇ ಮೊದಲು ಬಂದವರು ಅಂತ ಜಗಳಕ್ಕೆ ನಿಂತವರು ಕೊನೆಗೆ ಕೋಳಿ ಕಳೆದುಕೊಂಡಿದ್ದನ್ನು ನೋಡಿದ್ದೇನೆ. ಗೂಡನ್ನು ಕಾಂಪೌಂಡ್ ಗೋಡೆಯಿಂದ ಈಚೆಗೆ, ನಮ್ಮದೇ ಅಡುಗೆಮನೆ ಕಡೆಗೆ ಸರಿಸಿದೆವು. ವಾಸನೆ ಬಂದರೆ ಮೊದಲು ನಮಗೇ ಬರಲಿ ಅಂತ. ಅಲ್ಲಿಂದ ಮುಂದೆ ಒಂದು ದೂರೂ ಬಂದಿಲ್ಲ.

ಫ್ಲ್ಯಾಟಿನ ಬಾಲ್ಕನಿಯಲ್ಲಿ ಎರಡು ಕೋಳಿ ಇಟ್ಟುಕೊಂಡರೆ?

ಬೇಡ. ಕೋಳಿಗೆ ಮಣ್ಣು ಕೆದರಬೇಕು, ಬೂದಿಯಲ್ಲೋ ಧೂಳಲ್ಲೋ ಹೊರಳಾಡಬೇಕು. ಹಾಗೆ ಹೊರಳಿದರೇ ಅದರ ಮೈಮೇಲಿನ ಹೇನು ಹೋಗುವುದು. ಟೈಲ್ಸ್ ಮೇಲೆ ನಿಂತ ಕೋಳಿಯ ಪಾದ ಒಡೆಯುತ್ತದೆ. ನಿಯಮ ಬಿಡುತ್ತದೋ ಇಲ್ಲವೋ ಅನ್ನುವುದಕ್ಕಿಂತ ಮೊದಲು, ಕೋಳಿಗೆ ಅದು ಒಂದು ಬದುಕೇ ಅಲ್ಲ.

ನಿಯಮದ ಮಾತು ಹೇಳುವುದಾದರೆ, ಇಲ್ಲಿನ ಹೌಸಿಂಗ್ ಸೊಸೈಟಿಗಳು 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ನಡೆಯುತ್ತವೆ. ಪ್ರತಿ ಸೊಸೈಟಿಗೂ ಉಪವಿಧಿಗಳಿವೆ. ಬೇರೆ ಸದಸ್ಯರಿಗೆ ತೊಂದರೆ ಆಗುವಂಥದ್ದು ಮಾಡಬಾರದು ಅನ್ನುವ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಟೆರೇಸು ಮೇಲಿನ ಮನೆಯವರದ್ದಲ್ಲ, ಎಲ್ಲರದ್ದು. ಅಲ್ಲಿ ಗೂಡು ಇಡುವುದಿದ್ದರೆ ಜನರಲ್ ಬಾಡಿ ಮೀಟಿಂಗಿನಲ್ಲಿ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಸೆಕ್ರೆಟರಿ ಬಾಯಲ್ಲಿ "ಇಟ್ಕೊಳ್ಳಿ" ಅಂದದ್ದು ಮುಂದಿನ ವರ್ಷ ಸೆಕ್ರೆಟರಿ ಬದಲಾದಾಗ ಉಳಿಯುವುದಿಲ್ಲ.

ಬಾಡಿಗೆ ಮನೆ, ಆದರೆ ಹಿಂದೆ ಜಾಗ ಇದೆ.

ಮಾಲೀಕರ ಒಪ್ಪಿಗೆ ಬೇಕು. ಪುಣೆಯಲ್ಲಿ ಸಾಮಾನ್ಯವಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಮಾಡುತ್ತಾರೆ. ಅದರಲ್ಲೇ ಒಂದು ಸಾಲು ಸೇರಿಸಿ ಅಂತ ಕೇಳಿ. ಕರಾರು ಮುಗಿದಾಗ ಕೋಳಿ ಎಲ್ಲಿಗೆ ಹೋಗುತ್ತವೆ ಅನ್ನುವುದನ್ನೂ ಈಗಲೇ ಯೋಚಿಸಿ. ಒಂದು ಕೋಳಿ ಐದಾರು ವರ್ಷ ಬದುಕುತ್ತದೆ.

ಎಷ್ಟು ಕೋಳಿ ಇಡಬಹುದು?

ಜಾಗ ನೋಡಿ ಲೆಕ್ಕ ಹಾಕಿ. ರಾತ್ರಿ ಗೂಡಿನೊಳಗೆ ಒಂದಕ್ಕೆ ಎರಡು ಚದರಡಿ, ಹಗಲು ಓಡಾಡಲು ಅದರ ನಾಲ್ಕೈದು ಪಟ್ಟು. ನಾಲ್ಕೈದು ಹ್ಯಾಂಟೆಗೆ ಮೊಟ್ಟೆ ಇಡಲು ಒಂದು ಪೆಟ್ಟಿಗೆ ಸಾಕು. ನಾಲ್ಕು ಜನರ ಮನೆಗೆ ಐದಾರು ಕೋಳಿ ಧಾರಾಳ ಆಯ್ತು.

ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕಾ ಅಂತ ಕೆಲವರು ಹೆದರುತ್ತಾರೆ. ಅದು 5,000ಕ್ಕಿಂತ ಜಾಸ್ತಿ ಕೋಳಿ ಇರುವ ಫಾರಂಗಳಿಗೆ. ನಮ್ಮ ಆರೇಳು ಕೋಳಿಗೆ ಅದರ ಸಂಬಂಧ ಇಲ್ಲ.

ಹುಂಜ ಇಲ್ಲದೆ ಕೋಳಿ ಮೊಟ್ಟೆ ಇಡುತ್ತದಾ?

ಇಡುತ್ತದೆ. ಈ ಪ್ರಶ್ನೆಯನ್ನು ಊರಲ್ಲಿ ಯಾರೂ ಕೇಳುವುದಿಲ್ಲ, ಯಾಕಂದರೆ ಊರಲ್ಲಿ ಹುಂಜ ಇಲ್ಲದ ಹಿಂಡೇ ಇರುವುದಿಲ್ಲ. ಮೊಟ್ಟೆಗೆ ಹುಂಜ ಬೇಡ, ಮರಿಗೆ ಬೇಕು. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆಗಳೆಲ್ಲ ಹುಂಜದ ಮುಖ ನೋಡದ ಕೋಳಿಗಳು ಇಟ್ಟದ್ದೇ.

ಹಾಗಾದರೆ ಹುಂಜ ಇಡಲೇಬಾರದಾ? ಕೂಗಿದರೆ ಪೊಲೀಸರು ಬರುತ್ತಾರಾ?

ಬರಬಹುದು. 2019ರಲ್ಲಿ ಪುಣೆಯ ಸೋಮವಾರ ಪೇಟೆಯಲ್ಲಿ ಹುಂಜದ ಕೂಗಿನಿಂದ ನಿದ್ದೆ ಹಾಳಾಗುತ್ತಿದೆ ಅಂತ ಮಹಿಳೆಯೊಬ್ಬರು ಪೊಲೀಸರಿಗೆ ದೂರು ಕೊಟ್ಟಿದ್ದರು. ಪೇಪರಿನಲ್ಲಿ ಬಂದಾಗ ಜನ ನಕ್ಕರು. ನನಗೆ ನಗು ಬರಲಿಲ್ಲ, ಯಾಕಂದರೆ ನಮ್ಮ ಮನೆಯಲ್ಲೂ ಅದೇ ನಡೆದಿತ್ತು.

ನಮ್ಮ ಹುಂಜ ಕೆಂಪಗಿತ್ತು, ಬಾಲ ಕಪ್ಪು. ಮಗಳು ಅದಕ್ಕೆ "ರಾಜಾ" ಅಂತ ಹೆಸರಿಟ್ಟಿದ್ದಳು. ಅದು ಕೂಗುತ್ತಿದ್ದದ್ದು ಬೆಳಗಿನ ನಾಲ್ಕೂಕಾಲಿಗೆ. ಬೀದಿದೀಪದ ಬೆಳಕು ಗೂಡಿನ ಜಾಲರಿಯಿಂದ ಒಳಗೆ ಬೀಳುತ್ತಿತ್ತು, ಒಮ್ಮೊಮ್ಮೆ ರಾತ್ರಿ ಎರಡಕ್ಕೂ ಶುರು ಮಾಡುತ್ತಿತ್ತು. ಪಕ್ಕದ ಮನೆ ಆಂಟಿ, ನಾವು ಕಾಕು ಅನ್ನುವವರು, ಒಂದು ದಿನ ಬಾಗಿಲಿಗೆ ಬಂದರು. ಜಗಳ ಮಾಡಲಿಲ್ಲ. "ಸೊಸೆ ಹೆರಿಗೆಗೆ ಅಂತ ಬಂದಿದಾಳೆ, ಕೂಸಿಗೆ ಇಪ್ಪತ್ತು ದಿನ. ರಾತ್ರಿಯೆಲ್ಲ ಎತ್ತಿಕೊಂಡು ಕೂತು, ಮಲಗಿಸಿದ ಹತ್ತು ನಿಮಿಷಕ್ಕೆ ಇದು ಕೂಗುತ್ತೆ" ಅಂದರು. ಅವರ ಕಣ್ಣು ಕೆಂಪಗಾಗಿದ್ದವು. ಆ ವಾರವೇ ರಾಜಾನನ್ನು ಭೋರ್ ಕಡೆಯ ಪರಿಚಯದ ರೈತರ ಹೊಲಕ್ಕೆ ಕೊಟ್ಟುಬಂದೆವು. ಮಗಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆದರೂ ಮಾಡಿದ್ದು ಸರಿ ಅಂತಲೇ ನನಗೆ ಈಗಲೂ ಅನ್ನಿಸುತ್ತದೆ.

ಕಾನೂನಿನ ದಾರಿ ಹೀಗಿದೆ. ಸಾರ್ವಜನಿಕ ಉಪದ್ರವ ಅಂತ ದೂರು ಬಂದರೆ, ಅದನ್ನು ತೆಗೆಸಲು ಆದೇಶ ಕೊಡುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಲ್ಲಿದೆ. ಹಳೇ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) 133ನೇ ಕಲಂ ಇದೇ. 2024ರ ಜುಲೈ 1ರಿಂದ ಹೊಸ ಸಂಖ್ಯೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದಿನ ಮಿತಿ 45 ಡೆಸಿಬಲ್ ಅಂತ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಹತ್ತಿರದಿಂದ ಕೇಳಿದರೆ ಹುಂಜದ ಕೂಗು ಅದನ್ನು ಎಷ್ಟೋ ದಾಟುತ್ತದೆ.

ಹುಂಜ ಬೇಕೇ ಬೇಕು ಅನ್ನುವವರು ರಾತ್ರಿ ಗೂಡಿಗೆ ದಪ್ಪ ಗೋಣಿತಟ್ಟು ಕಟ್ಟಿ, ಬೆಳಕು ಬೀಳದ ಹಾಗೆ ಮಾಡಿ. ಕೂಗು ತಡವಾಗುತ್ತದೆ, ನಿಲ್ಲುವುದಿಲ್ಲ. ಗಾಳಿ ಆಡುವ ಕಿಂಡಿ ಮಾತ್ರ ಮುಚ್ಚಬೇಡಿ. ಕುತ್ತಿಗೆಗೆ ಪಟ್ಟಿ ಬಿಗಿದು ಕೂಗು ತಡೆಯುವುದನ್ನು ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ಉಸಿರು ಕಟ್ಟಿ ಸಾಯುತ್ತದೆ.

ವಾಸನೆ, ನೊಣದ ಬಗ್ಗೆ ಪಕ್ಕದವರು ತಕರಾರು ಮಾಡುತ್ತಿದ್ದಾರೆ. ಏನು ಮಾಡಲಿ?

ಹಿಕ್ಕೆ ಒದ್ದೆಯಾದರೆ ನಾರುತ್ತದೆ, ಒಣಗಿದ್ದರೆ ನಾರುವುದಿಲ್ಲ. ಇಡೀ ಗುಟ್ಟು ಇಷ್ಟೇ. ನೆಲಕ್ಕೆ ಮೂರ್ನಾಲ್ಕು ಇಂಚು ಭತ್ತದ ಹೊಟ್ಟು ಅಥವಾ ಮರದ ಪುಡಿ ಹಾಸಿ. ದಿನಕ್ಕೊಮ್ಮೆ ಕೋಲಿನಿಂದ ಕೆದರಿ. ಒದ್ದೆಯಾದ ಭಾಗ ಅವತ್ತೇ ತೆಗೆಯಿರಿ. ನೀರಿನ ಬಟ್ಟಲನ್ನು ಇಟ್ಟಿಗೆ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಡಿ. ಆಗ ಚೆಲ್ಲುವುದಿಲ್ಲ. ಪುಣೆಯಲ್ಲಿ ಕಷ್ಟ ಬರುವುದು ಜುಲೈ, ಆಗಸ್ಟ್‌ನಲ್ಲಿ. ಸಿಂಹಗಡದ ಕಡೆಯಿಂದ ಬೀಸುವ ಮಳೆ ಅಡ್ಡಡ್ಡ ಬರುತ್ತದೆ. ಪಡುವಣ ಬದಿಗೆ ತಗಡು ಇಳಿಬಿಟ್ಟರೆ ಹೊಟ್ಟು ಒಣಗಿಯೇ ಇರುತ್ತದೆ.

ತೆಗೆದ ಹೊಟ್ಟನ್ನು ನಾಲೆಗೆ ಸುರಿಯಬೇಡಿ. ಗುಂಡಿಯಲ್ಲಿ ಒಣ ಎಲೆ ಜೊತೆ ಮುಚ್ಚಿ ಎರಡು ಮೂರು ತಿಂಗಳು ಬಿಟ್ಟರೆ ಒಳ್ಳೇ ಗೊಬ್ಬರ. ಹಸಿ ಹಿಕ್ಕೆಯನ್ನು ಗಿಡಕ್ಕೆ ನೇರ ಹಾಕಿದರೆ ಬೇರು ಸುಡುತ್ತದೆ. ನಮ್ಮ ಕಾಕು ಈಗ ತಮ್ಮ ಗುಲಾಬಿ ಕುಂಡಗಳಿಗೆ ಕೇಳಿ ಒಯ್ಯುತ್ತಾರೆ.

ಪಾಲಿಕೆಗೆ ದೂರು ಹೋಗಿದೆ. ಏನಾಗುತ್ತದೆ?

ಆರೋಗ್ಯ ವಿಭಾಗದವರು ಬಂದು ಜಾಗ ನೋಡುತ್ತಾರೆ. ಬಾಗಿಲು ಹಾಕಿಕೊಳ್ಳಬೇಡಿ. ಒಳಗೆ ಕರೆದು ತೋರಿಸಿ. ಏನು ಸರಿಮಾಡಬೇಕು, ಎಷ್ಟು ದಿನದೊಳಗೆ ಅನ್ನುವುದನ್ನು ಬರಹದಲ್ಲಿ ಕೇಳಿ. ಸರಿಮಾಡಿದ ಮೇಲೆ ಫೋಟೋ ಸಮೇತ ಕ್ಷೇತ್ರೀಯ ಕಾರ್ಯಾಲಯಕ್ಕೆ ಅರ್ಜಿ ಕೊಟ್ಟು, ಆವಕ್ ಸಿಕ್ಕಾ (ಅರ್ಜಿ ತಲುಪಿತು ಅನ್ನುವ ಮುದ್ರೆ) ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಬರೆಯಲು ಬಾರದಿದ್ದರೆ ಮಕ್ಕಳ ಕೈಯಲ್ಲಿ ಬರೆಸಿ, ಅವರು ಶಾಲೆಯಲ್ಲಿ ಕಲಿತಿರುತ್ತಾರೆ.

ಮನೆ ಕೋಳಿಯ ಮೊಟ್ಟೆ ಅಕ್ಕಪಕ್ಕದವರಿಗೆ ಮಾರಬಹುದಾ? ಲೈಸೆನ್ಸ್ ಬೇಕಾ?

ಮಾರಬಹುದು. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ರೈತ ತಾನೇ ಬೆಳೆದದ್ದನ್ನು, ತಾನೇ ಸಾಕಿದ್ದರಿಂದ ಬಂದದ್ದನ್ನು ಇದ್ದ ಹಾಗೇ ಮಾರುವುದು ಒಂದು ಬಗೆ. ಅದೇ ಮಾಲು ಬೇರೆಯವರ ಕೈಗೆ ಹೋಗಿ ಮಾರಾಟವಾಗುವುದು ಇನ್ನೊಂದು ಬಗೆ. ಎರಡನೆಯದು ಆಹಾರ ವ್ಯಾಪಾರ. ಅಂದರೆ ನೀವು ಮುಳಶಿಯಿಂದಲೋ ಸಾಸವಡದಿಂದಲೋ ಗಾವರಾನ್ (ಜವಾರಿ) ಮೊಟ್ಟೆ ತರಿಸಿ ಇಲ್ಲಿ ಮಾರಲು ಶುರು ಮಾಡಿದರೆ ನೀವು ವ್ಯಾಪಾರಿ. ಆಗ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿ ಬೇಕೇ ಬೇಕು.

ನನ್ನ ಸಲಹೆ: ವಾರಕ್ಕೆ ಡಜನ್ ಮೊಟ್ಟೆ ಪಕ್ಕದ ಮನೆಗೆ ಕೊಡುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ವಾಟ್ಸಾಪ್ ಗ್ರೂಪ್ ಮಾಡಿ, ಆರ್ಡರ್ ತಗೊಂಡು, ಅಂಗಡಿಗೆ ಹಾಕುವ ಮಟ್ಟಕ್ಕೆ ಬಂದರೆ ನೋಂದಣಿ ಮಾಡಿಸಿಬಿಡಿ. ಸಣ್ಣ ವ್ಯಾಪಾರಿಗಳಿಗೆ ದೊಡ್ಡ ಲೈಸೆನ್ಸ್ ಬೇಡ, ಬರೀ ನೋಂದಣಿ. ಫೀಸು ವರ್ಷಕ್ಕೆ 100 ರೂಪಾಯಿ. ಫಾಸ್ಕಾಸ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ನೀವೇ ಮಾಡಬಹುದು. ಏಜೆಂಟರಿಗೆ ಸಾವಿರಾರು ರೂಪಾಯಿ ಕೊಟ್ಟವರನ್ನು ನೋಡಿದ್ದೇನೆ, ಸುಮ್ನೆ ದುಡ್ಡು ದಂಡ.

ಮೊಟ್ಟೆಗೆ ಎಷ್ಟು ದರ ಹಾಕಬೇಕು? "ಆರ್ಗ್ಯಾನಿಕ್" ಅಂತ ಬರೆಯಬಹುದಾ?

ಫಾರಂ ಮೊಟ್ಟೆಯ ದರವನ್ನು ದಿನಾ ಮೊಟ್ಟೆ ಉತ್ಪಾದಕರ ಸಂಸ್ಥೆಯಾದ ಎನ್‌ಇಸಿಸಿ ಹೇಳುತ್ತದೆ. 1982ರಲ್ಲಿ ಶುರುವಾದ ಆ ಸಂಸ್ಥೆಯ ಮುಖ್ಯ ಕಚೇರಿ ಇರುವುದು ನಮ್ಮ ಪುಣೆಯಲ್ಲೇ. ಗಾವರಾನ್ ಮೊಟ್ಟೆಗೆ ಹಾಗೆ ನಿಗದಿ ದರ ಇಲ್ಲ. ಒಂದು ಕೋಳಿ ದಿನಕ್ಕೆ ನೂರರಿಂದ ನೂರಿಪ್ಪತ್ತು ಗ್ರಾಂ ತಿನ್ನುತ್ತದೆ. ಜವಾರಿ ಕೋಳಿ ವರ್ಷಕ್ಕೆ ಇಡುವುದು ಅರವತ್ತು ಎಂಬತ್ತು ಮೊಟ್ಟೆ ಅಷ್ಟೇ. ಈ ಎರಡನ್ನೂ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ, ಯಾಕೆ ಅದು ದುಬಾರಿ ಅಂತ ಗೊತ್ತಾಗುತ್ತದೆ.

ಪ್ರಮಾಣಪತ್ರ ಇಲ್ಲದೆ "ಆರ್ಗ್ಯಾನಿಕ್" ಅಂತ ಬರೆಯಬೇಡಿ. ಅದಕ್ಕೆ ಬೇರೆಯೇ ನಿಯಮಗಳಿವೆ. "ಮನೆ ಕೋಳಿಯ ಮೊಟ್ಟೆ, ಇಟ್ಟ ದಿನ ಇಂಥದ್ದು" ಅಂತ ಪೆನ್ಸಿಲಿನಲ್ಲಿ ಬರೆದರೆ ಜನ ಅದನ್ನೇ ಹೆಚ್ಚು ನಂಬುತ್ತಾರೆ. ಕಂದು ಬಣ್ಣ ಇದ್ದರೆ ಜವಾರಿ ಅನ್ನುವುದು ತಪ್ಪು. ಚಿಪ್ಪಿನ ಬಣ್ಣ ತಳಿಯ ಮೇಲೆ ಹೋಗುತ್ತದೆ. ಫಾರಂನಲ್ಲೂ ಕಂದು ಮೊಟ್ಟೆ ಇಡುವ ಕೋಳಿಗಳಿವೆ. ಮೊಟ್ಟೆಯನ್ನು ತೊಳೆದು ಇಡಬೇಡಿ. ಚಿಪ್ಪಿನ ಮೇಲಿನ ತೆಳು ಪದರ ಹೋದರೆ ಕ್ರಿಮಿ ಒಳಗೆ ಇಳಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿರುಕು ಬಿಟ್ಟದ್ದನ್ನು ಮಾರಬೇಡಿ.

ಕೋಳಿ ಕೊಯ್ದು ಮಾಂಸ ಮಾರಬಹುದಾ? ಹಬ್ಬಕ್ಕೆ ನಾಲ್ಕು ಜನ ಕೇಳುತ್ತಾರೆ.

ಮೊಟ್ಟೆಯಷ್ಟು ಸುಲಭ ಅಲ್ಲ ಇದು. ಮಾಂಸ ಮಾರುವುದಕ್ಕೆ ಪಾಲಿಕೆಯ ಪರವಾನಗಿ ಬೇಕು, ಆಹಾರ ಸುರಕ್ಷತೆಯ ನೋಂದಣಿಯೂ ಬೇಕು. ದಿನಕ್ಕೆ 50 ಕೋಳಿಯವರೆಗೆ ಕೊಯ್ಯುವವರು ಸಣ್ಣ ವ್ಯಾಪಾರಿಗಳ ಲೆಕ್ಕಕ್ಕೆ ಬರುತ್ತಾರೆ, ಅದಕ್ಕಿಂತ ಮೇಲೆ ಹೋದರೆ ಲೈಸೆನ್ಸ್. ನಗರದ ಹದ್ದಿನೊಳಗೆ ಆಹಾರಕ್ಕಾಗಿ ಪ್ರಾಣಿ ಕೊಯ್ಯುವುದು ಮಾನ್ಯತೆ ಪಡೆದ ಜಾಗದಲ್ಲೇ ಆಗಬೇಕು ಅಂತ 2001ರ ಕಸಾಯಿಖಾನೆ ನಿಯಮಗಳು ಹೇಳುತ್ತವೆ. ಹಾಗಾಗಿ ಹಿತ್ತಲಲ್ಲಿ ಕೊಯ್ದು ಮಾರುವುದನ್ನು ಮಾಡಬೇಡಿ. ರಕ್ತ, ಪುಕ್ಕ, ಕರುಳು ಕಸದ ಗಾಡಿಗೆ ಹೋದರೆ ಬೀದಿನಾಯಿಗಳು ಎಳೆದಾಡುತ್ತವೆ, ಓಣಿಯ ಮಂದಿ ಸುಮ್ಮನಿರುವುದಿಲ್ಲ.

ಊರಿಂದ ಕೋಳಿ ತರುವಾಗ ಏನು ನೋಡಿಕೊಳ್ಳಬೇಕು?

ಕಾಲು ಕಟ್ಟಿ, ತಲೆಕೆಳಗಾಗಿ ಬೈಕಿನ ಹ್ಯಾಂಡಲ್‌ಗೆ ನೇತುಹಾಕುವುದು ನಮಗೆ ಚಿಕ್ಕಂದಿನಿಂದ ನೋಡಿ ರೂಢಿ. ಆದರೆ ಅದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂನ ಪ್ರಕಾರ ಅಪರಾಧ. ಕೋಳಿಗೆ ನಮ್ಮ ಹಾಗೆ ಹೊಟ್ಟೆಗೂ ಎದೆಗೂ ನಡುವೆ ಪರದೆ ಇಲ್ಲ. ತಲೆಕೆಳಗಾದಾಗ ಕರುಳೆಲ್ಲ ಶ್ವಾಸಕೋಶದ ಮೇಲೆ ಬೀಳುತ್ತದೆ, ಉಸಿರಾಡಲು ಕಷ್ಟಪಡುತ್ತದೆ. ಬಾಯಿ ತೆರೆದುಕೊಂಡಿರುವುದು ಅದಕ್ಕೇ.

ಬೆತ್ತದ ಬುಟ್ಟಿಯೋ, ತೂತು ಮಾಡಿದ ರಟ್ಟಿನ ಡಬ್ಬಿಯೋ ತಗೊಳ್ಳಿ. ಬಿಸಿಲು, ಮಳೆ ತಾಗಬಾರದು. ಬಿಜಾಪುರದಿಂದ ಸೋಲಾಪುರದ ಮೇಲೆ ಬಂದರೆ ಏಳೆಂಟು ಗಂಟೆ ಹಿಡಿಯುತ್ತದೆ, ನಡುವೆ ನಿಲ್ಲಿಸಿ ನೀರು ಕುಡಿಸಿ. ಸಾಧ್ಯವಾದರೆ ರಾತ್ರಿ ಪ್ರಯಾಣ ಮಾಡಿ, ಕತ್ತಲಲ್ಲಿ ಕೋಳಿ ಗಾಬರಿಯಾಗುವುದಿಲ್ಲ. ಹಕ್ಕಿಜ್ವರದ ಸುದ್ದಿ ಇರುವಾಗ ಮಾತ್ರ ಯಾವ ಊರಿಂದಲೂ ತರಬೇಡಿ. ತಂದ ಮೇಲೆ ಎರಡು ವಾರ ಹಳೇ ಕೋಳಿಗಳಿಂದ ದೂರ, ಬೇರೆ ಗೂಡಿನಲ್ಲಿ ಇಡಿ.

ಲಸಿಕೆ ಹಾಕಿಸಬೇಕಾ? ಊರಲ್ಲಿ ಯಾರೂ ಹಾಕಿಸುತ್ತಿರಲಿಲ್ಲ.

ಹಾಕಿಸಿ. ಊರಲ್ಲಿ ಹಾಕಿಸದೆ ವರ್ಷಕ್ಕೊಮ್ಮೆ ಓಣಿಯ ಕೋಳಿಯೆಲ್ಲ ಸಾಯುತ್ತಿದ್ದದ್ದು ನೆನಪಿದೆ ಅಲ್ವಾ? ಅದು ಕೊಕ್ಕರೆ ರೋಗ, ಡಾಕ್ಟರರು ರಾಣಿಖೇತ್ ಅನ್ನುತ್ತಾರೆ. ನನಗೆ ಬುದ್ಧಿ ಬಂದದ್ದು ಕಳೆದುಕೊಂಡ ಮೇಲೆ. ವಾರದ ಸಂತೆಯಲ್ಲಿ ಎರಡು ಚೆಂದದ ಹ್ಯಾಂಟೆ ಕಂಡವು, ಕೊಂಡು ತಂದು ನೇರ ಹಿಂಡಿಗೆ ಬಿಟ್ಟೆ. ಐದನೇ ದಿನ ಒಂದು ಕುತ್ತಿಗೆ ತಿರುಚಿಕೊಂಡು ನಿಂತಿತು, ಹಸಿರು ಹಿಕ್ಕೆ ಹಾಕಿತು. ಹತ್ತು ದಿನದಲ್ಲಿ ಎಂಟು ಸತ್ತವು. ಕೊನೆಯದು ನನ್ನ ಮಡಿಲಲ್ಲೇ ಹೋಯಿತು.

ಮರಿಗೆ ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗಕ್ಕೆ ಲಸೋಟಾ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಎರಡು ವಾರದ ಹೊತ್ತಿಗೆ ಗಂಬೋರೊ ರೋಗದ ಲಸಿಕೆ. ಎಂಟು ವಾರದ ಸುಮಾರಿಗೆ ಮತ್ತೆ ಕೊಕ್ಕರೆ ರೋಗಕ್ಕೇ ಆರ್‌ಟುಬಿ ಚುಚ್ಚುಮದ್ದು. ತೊಡಕು ಏನಂದರೆ, ಲಸಿಕೆಯ ಸೀಸೆ ಬರುವುದು ನೂರು, ಇನ್ನೂರು ಕೋಳಿಯ ಲೆಕ್ಕದಲ್ಲಿ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಐಸ್ ಮೇಲೇ ಇಟ್ಟಿರಬೇಕು. ನಾವು ಧಾಯರಿ, ನರ್‍ಹೆಯ ಆರು ಮನೆಯವರು ಒಂದೇ ಭಾನುವಾರ ಗೊತ್ತು ಮಾಡಿಕೊಳ್ಳುತ್ತೇವೆ. ಐಸ್ ತುಂಬಿದ ಥರ್ಮಾಸ್ ಹಿಡಿದು ಒಬ್ಬರು ಮನೆಯಿಂದ ಮನೆಗೆ ಸ್ಕೂಟರಿನಲ್ಲಿ ಹೋಗುತ್ತಾರೆ. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ.

ಕೋಳಿ ಸತ್ತರೆ ಯಾರಿಗೆ ಹೇಳಬೇಕು? ಹಕ್ಕಿಜ್ವರ ಅಂತ ಹೇಳಿದರೆ ಎಲ್ಲ ಕೊಂದುಹಾಕುತ್ತಾರೆ ಅಂತ ಭಯ.

ಭಯ ಸಹಜ. ಆದರೆ ಮುಚ್ಚಿಡಬೇಡಿ. ಒಂದು ಕೋಳಿ ವಯಸ್ಸಾಗಿ ಸತ್ತರೆ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಎರಡು ಮೂರು ದಿನದೊಳಗೆ ಒಂದರ ಹಿಂದೆ ಒಂದು ಸತ್ತರೆ, ಸುತ್ತ ಕಾಗೆಗಳೂ ಸತ್ತು ಬಿದ್ದಿದ್ದರೆ, ಹತ್ತಿರದ ಸರ್ಕಾರಿ ಪಶುವೈದ್ಯರಿಗೆ ಅವತ್ತೇ ಹೇಳಿ. 1962 ಅನ್ನುವ ಪಶು ಆರೋಗ್ಯ ಸಹಾಯವಾಣಿಯೂ ಇದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಇಂಥ ರೋಗದ ಸಂಶಯ ಬಂದರೆ ತಿಳಿಸುವುದು ಸಾಕಿದವರ ಕರ್ತವ್ಯ. ಹತ್ತು ಸಾವಿರ ಕೋಳಿ ಇರುವವರಿಗೂ ನಾಲ್ಕು ಕೋಳಿ ಇರುವವರಿಗೂ ಇದು ಒಂದೇ. ಕೊಕ್ಕರೆ ರೋಗವೂ ಹಕ್ಕಿಜ್ವರವೂ ಹೊರಗಿನಿಂದ ನೋಡಲು ಒಂದೇ ತರಹ ಕಾಣುತ್ತವೆ, ಹಾಗಾಗಿ ನಾವೇ ತೀರ್ಮಾನ ಮಾಡುವ ಹಾಗಿಲ್ಲ. ಪುಣೆಯವರಿಗೆ ಒಂದು ಅನುಕೂಲ ಇದೆ. ರಾಜ್ಯದ ರೋಗ ಪತ್ತೆ ಪ್ರಯೋಗಾಲಯ ಔಂಧ್‌ನಲ್ಲೇ ಇದೆ. ಹಕ್ಕಿಜ್ವರ ಹೌದೋ ಅಲ್ಲವೋ ಅಂತ ಖಾತ್ರಿ ಮಾಡುವುದು ಮಾತ್ರ ಭೋಪಾಲದ ಸಂಸ್ಥೆ.

ಮಹಾರಾಷ್ಟ್ರಕ್ಕೆ ಇದು ಹೊಸದಲ್ಲ. ದೇಶದಲ್ಲಿ ಮೊದಲ ಸಲ ಕೋಳಿಗಳಲ್ಲಿ ಹಕ್ಕಿಜ್ವರ ಕಂಡದ್ದೇ 2006ರಲ್ಲಿ, ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ. 2021ರ ಜನವರಿಯಲ್ಲಿ ಪರಭಣಿಯ ಮುರುಂಬಾ ಹಳ್ಳಿಯಲ್ಲಿ ಬಂತು. ಅದೇ ಹೊತ್ತಿಗೆ ಮುಂಬೈ, ಠಾಣೆ, ದಾಪೋಲಿಯ ಸತ್ತ ಕಾಗೆಗಳಲ್ಲೂ ಸಿಕ್ಕಿತು. ರೋಗ ಖಾತ್ರಿಯಾದರೆ ಸುತ್ತ ಒಂದು ಕಿಲೋಮೀಟರ್‌ನೊಳಗಿನ ಸಾಕುಕೋಳಿಗಳನ್ನು ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ಕಣ್ಣಿಡುತ್ತಾರೆ. ಹೌದು, ನಿಮ್ಮ ಕೋಳಿಯೂ ಹೋಗುತ್ತದೆ. ಆದರೆ ಹಾಗೆ ಕೊಂದ ಕೋಳಿಗೆ ಪರಿಹಾರ ಸಿಗುತ್ತದೆ, ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ತಾನಾಗಿ ಸತ್ತ ಕೋಳಿಗೆ ಸಿಗುವುದಿಲ್ಲ. ದುಡ್ಡಿನ ಲೆಕ್ಕದಲ್ಲೂ ಬೇಗ ಹೇಳಿದವರಿಗೇ ಲಾಭ. ದುಡ್ಡಿಗಿಂತ ಹೆಚ್ಚು, ಇದು ಮನುಷ್ಯರಿಗೂ ಬರಬಹುದಾದ ರೋಗ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ. ರೋಗ ಬಿದ್ದ ಕೋಳಿಯನ್ನು ಅವಸರದಲ್ಲಿ ಕೊಯ್ದು ಅಡುಗೆ ಮಾಡುವುದು, ಅಗ್ಗಕ್ಕೆ ಮಾರುವುದು, ಇವೆರಡನ್ನೂ ಯಾವತ್ತೂ ಮಾಡಬೇಡಿ.

ಯಾವ ತಳಿ ಒಳ್ಳೆಯದು? ಮರಿ ಎಲ್ಲಿ ತಗೊಳ್ಳಲಿ?

ಮೊದಲ ಸಲ ಸಾಕುವವರು ಮರಿ ಬೇಡ, ಲಸಿಕೆ ಆದ ಎರಡು ಮೂರು ತಿಂಗಳ ಕೋಳಿ ತಗೊಳ್ಳಿ. ಮರಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಕರೆಂಟ್ ಹೋದ ರಾತ್ರಿ ಎಲ್ಲ ಸತ್ತುಹೋಗಬಹುದು. ತಳಿಗಳಲ್ಲಿ ಗಿರಿರಾಜ ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನದ್ದು, ವನರಾಜ ಮತ್ತು ಗ್ರಾಮಪ್ರಿಯ ಹೈದರಾಬಾದಿನವು. ಮೂರೂ ಹಿತ್ತಲಿಗೆ ಅಂತಲೇ ತಯಾರಾದವು. ಮೊಟ್ಟೆ ಮುಖ್ಯ ಅನ್ನುವವರಿಗೆ ಗ್ರಾಮಪ್ರಿಯ ಸರಿ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ ತಳಿ. ಅದರ ಮರಿ ಕೊಟ್ಟು, ಮೊಟ್ಟೆ ನಾವೇ ವಾಪಸ್ ಕೊಳ್ಳುತ್ತೇವೆ ಅಂತ ದೊಡ್ಡ ಮೊತ್ತ ಕೇಳುವವರನ್ನು ನಂಬಬೇಡಿ.

ಬೀದಿಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದ ಮರಿ ಮಾರುತ್ತಾರಲ್ಲ, ಮಕ್ಕಳು ಎಷ್ಟೇ ಹಟ ಮಾಡಿದರೂ ಕೊಳ್ಳಬೇಡಿ. ಸಾಮಾನ್ಯವಾಗಿ ಅವು ಹ್ಯಾಚರಿಗೆ ಬೇಡವಾದ ಗಂಡು ಮರಿಗಳು. ಬಣ್ಣದಲ್ಲಿ ಅದ್ದಿ, ನೆರಳಿಲ್ಲದೆ ಬಿಸಿಲಲ್ಲಿ ಇಟ್ಟಿರುತ್ತಾರೆ. ಹೆಚ್ಚಿನವು ಎರಡು ಮೂರು ದಿನದಲ್ಲಿ ಸಾಯುತ್ತವೆ. ಒಂದು ಕೊಂಡರೆ ಅವರು ನಾಳೆ ಇನ್ನೂ ನೂರು ತರುತ್ತಾರೆ.

ಮುಂಗುಸಿ ಬಂದು ಕೋಳಿ ಹಿಡಿಯುತ್ತಿದೆ. ಬೋನು ಇಡಬಹುದಾ?

ಇಡಬಾರದು. ಮುಂಗುಸಿಗೂ ಕೇರೆ ಹಾವಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಗೂಡನ್ನು ಗಟ್ಟಿ ಮಾಡಿ. ಅರ್ಧ ಇಂಚಿನ ವೆಲ್ಡ್ ಜಾಲರಿ ಹಾಕಿ, ಅದನ್ನು ಒಂದಡಿ ನೆಲದೊಳಗೂ ಇಳಿಸಿ. ಕತ್ತಲಾಗುವ ಮೊದಲೇ ಬಾಗಿಲು ಹಾಕಿ. ನಾವು ದೀಪ ಹಚ್ಚುವ ಹೊತ್ತಿಗೆ ಮಗಳು ಜೋಳದ ಡಬ್ಬಿ ಅಲ್ಲಾಡಿಸುತ್ತಾಳೆ. ಏಳೂ ಓಡಿ ಬರುತ್ತವೆ, ಎಣಿಸಿ ಚಿಲಕ ಹಾಕುತ್ತಾಳೆ.

ನಮ್ಮ ಕಡೆಯವರು ಕೋಳಿ ಪಂದ್ಯಕ್ಕೆ ಹುಂಜ ಕೇಳುತ್ತಿದ್ದಾರೆ, ಒಳ್ಳೇ ದುಡ್ಡು ಕೊಡುತ್ತಾರಂತೆ.

ಕೊಡಬೇಡಿ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಕೈಯಾರೆ ಕಾಳು ಹಾಕಿ ಬೆಳೆಸಿದ ಹುಂಜದ ಕಾಲಿಗೆ ಚೂರಿ ಕಟ್ಟಲು ಮನಸ್ಸು ಹೇಗೆ ಬರುತ್ತದೆ? ಹುಂಜ ಜಾಸ್ತಿಯಾಗಿದ್ದರೆ ನನಗೆ ಹೇಳಿ. ಭೋರ್‌ನ ಆ ರೈತರ ಹೊಲದಲ್ಲಿ ಇನ್ನೂ ಒಂದೆರಡಕ್ಕೆ ಜಾಗ ಇದೆ.